ಮತದಾರರ ಪಟ್ಟಿಯ ಎರಡನೇ ಸಾಲು

ನರ್ಸುಗಳ ಹಾಸ್ಟೆಲು, ಲೀಡ್ಸ್
12 ಮಾರ್ಚ್ 1992

ಅಪ್ಪಾ,

ನಿನ್ನೆ ಹಾಸ್ಟೆಲಿನ ಟೀವಿಯಲ್ಲಿ ಚುನಾವಣೆಯ ತಾರೀಖು ಹೇಳಿದರು. ಏಪ್ರಿಲ್ ಒಂಬತ್ತು, ಗುರುವಾರ. ಹುಡುಗಿಯರೆಲ್ಲ ಚಾನೆಲ್ ಬದಲಾಯಿಸಿ ಎಂದು ಕೂಗುತ್ತಿದ್ದರು. ನಾನೊಬ್ಬಳೇ ಟೋಸ್ಟು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟೆ. ನನಗೆ ಹದಿನೆಂಟು ತುಂಬಿ ಏಳು ತಿಂಗಳಾಯಿತು. ಇದು ನನ್ನ ಮೊದಲ ಓಟು.

ನಗಬೇಡ. ಯಾರಿಗೆ ಹಾಕಬೇಕೆಂದು ನನಗೆ ಗೊತ್ತಿಲ್ಲ. ವಾರ್ಡಿನಲ್ಲಿ ಮಾತ್ರೆಗಳನ್ನು ಮೂರು ಸಲ ಎಣಿಸಿ, ಬಾಗಿಲ ತನಕ ಹೋಗಿ, ವಾಪಸು ಬಂದು ನಾಲ್ಕನೇ ಸಲ ಎಣಿಸುವವಳು ನಾನು. ಆರು ತಿಂಗಳಾದರೂ ವಾರ್ಡಿನ ಮುಖ್ಯ ಸಿಸ್ಟರ್ ಹೆಸರು ಹಿಡಿದು ಕರೆದರೆ ಕೈಯಲ್ಲಿದ್ದದ್ದನ್ನು ಬೀಳಿಸುತ್ತೇನೆ. ಇಂಥವಳ ಕೈಗೆ ಓಟಿನ ಪೆನ್ಸಿಲ್ ಕೊಟ್ಟರೆ ದೇಶದ ಗತಿ ಏನಾದೀತು?

ಕಳೆದ ಸಲದ್ದು ನೆನಪಾಗುತ್ತಿದೆ. ನನಗಾಗ ಹದಿಮೂರು. ಅಮ್ಮ ಕನ್ನಡಿಯ ಮುಂದೆ ನಿಂತು ಲಿಪ್‌ಸ್ಟಿಕ್ ಹಚ್ಚುತ್ತಿದ್ದಳು, ನೀನು ಗೇಟಿನ ಹತ್ತಿರ ಕಾಯುತ್ತಿದ್ದೆ. "ಬೇಗ ಬಾರೇ ಡೋರೀನ್, ನನ್ನ ಓಟನ್ನ ಹಾಳು ಮಾಡೋಕೆ ಇಷ್ಟು ಅಲಂಕಾರ ಬೇಕಾ?" ಅಂದೆ. ಅಮ್ಮ, "ನಿನ್ನ ಲೇಬರ್‌ಗೆ ಒಂದು, ನನ್ನ ಕನ್ಸರ್ವೇಟಿವ್‌ಗೆ ಒಂದು. ಇಬ್ರೂ ಮನೇಲೇ ಕೂತು ಟೀ ಕುಡಿದ್ರೂ ಲೆಕ್ಕ ಅಷ್ಟೇ ಕಣೋ ಕ್ಲಿಫ್" ಅಂದಳು. ಆಮೇಲೆ ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡು ನೀನು ನೋಡಿಕೊಳ್ಳುವ ಶಾಲೆಯ ಮತಗಟ್ಟೆಗೆ ನಡೆದಿರಿ. ಒಬ್ಬರ ಓಟನ್ನು ಒಬ್ಬರು ಅಳಿಸಲು ಅಷ್ಟು ಖುಷಿಯಾಗಿ ಹೋದವರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಅಪ್ಪಾ, ಅವತ್ತು ನಾನು ಊರಿಗೆ ಬರುತ್ತೇನೆ. ನೀನು ನಿಲ್ಲಿಸಿದ ಮರದ ಬೂತಿನೊಳಗೇ ನನ್ನ ಮೊದಲ ಗುರುತು ಹಾಕಬೇಕು. ಅಕ್ಟೋಬರಿನಲ್ಲಿ ಇಲ್ಲಿಯ ವಾರ್ಡನ್ ಓಟಿನ ಪಟ್ಟಿಯ ಹಾಳೆ ಹಿಡಿದು ಬಂದಿದ್ದರು. ಮನೆಯ ಫಾರಂನಲ್ಲಿ ನನ್ನ ಹೆಸರು ನೀನೇ ಬರೆಯುತ್ತೇನೆ ಅಂದಿದ್ದೆಯಲ್ಲ, ಅದಕ್ಕೇ ಇಲ್ಲಿ ಬರೆಸಲಿಲ್ಲ. ಒಳ್ಳೆಯದೇ ಆಯಿತು.

ನಿನ್ನ
ಲೊರೇನ್


ಥಾರ್ನ್‌ಲೋ
15 ಮಾರ್ಚ್, ಭಾನುವಾರ

ಪುಟ್ಟಾ,

ನಿನ್ನ ಪತ್ರ ಶನಿವಾರವೇ ಬಂತು. ಇಲ್ಲಿ ಎಲ್ಲ ಹಾಗೇ ಇದೆ. ಶಾಲೆಯನ್ನು ಬೆಚ್ಚಗಿಡುವ ಬಾಯ್ಲರ್ ಎರಡು ದಿನ ಮುಷ್ಕರ ಹೂಡಿತ್ತು, ಬುದ್ಧಿ ಹೇಳಿ ಒದ್ದ ಮೇಲೆ ಕೆಲಸಕ್ಕೆ ಬಂದಿದೆ. ಹಾಲ್‌ನ ಸೂರು ಮಾತ್ರ ಇನ್ನೂ ಸೋರುತ್ತಿದೆ. ನಾಲ್ಕು ಬಕೆಟ್ ಇಟ್ಟಿದ್ದೇನೆ. ಮಕ್ಕಳು ಅವುಗಳಿಗೆ ಹೆಸರಿಟ್ಟಿದ್ದಾರೆ.

ಓಟಿನ ವಿಷಯ. ಈ ಸಲ ನಾನು ಹಾಕುವುದಿಲ್ಲ. ಇಪ್ಪತ್ತೆಂಟು ವರ್ಷ ಒಂದು ಸಲವೂ ತಪ್ಪದೆ ಲೇಬರ್‌ಗೆ ಹಾಕಿದವನು ಹೀಗನ್ನುತ್ತಿದ್ದಾನೆಂದು ನಮ್ಮ ಪಾರ್ಟಿಯ ಹೆರಾಲ್ಡ್ ಮಾವನಿಗೆ ಕೋಪ. ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಕೇಳಿದ: "ಏನೋ ಕ್ಲಿಫ್, ಆ ಕನ್ಸರ್ವೇಟಿವ್ ನೀಲಿಯವರು ನಿನಗೆ ಏನು ತಿನ್ನಿಸಿದ್ರೋ?" ನಾನಂದೆ, "ಅವರು ತಿನ್ನಿಸಲಿಲ್ಲ, ನಮ್ಮವರೇ ಹಸಿವು ಕೆಡಿಸಿದ್ರು." ನಮ್ಮ ಲೇಬರ್ ಕೆಂಪಿನವರು ಈಗ ನೀಲಿಯವರ ದರ್ಜಿಯ ಹತ್ತಿರವೇ ಸೂಟು ಹೊಲಿಸಿಕೊಳ್ಳುತ್ತಾರೆ. ನೀಲಿಯವರ ಸರ್ಕಾರದ ವಿಷಯ ನಿನಗೆ ಗೊತ್ತೇ ಇದೆ. ನಿನ್ನಮ್ಮ ಆ ಮೊಣಕಾಲಿನ ಆಪರೇಷನ್ನಿಗೆ ಹದಿನಾಲ್ಕು ತಿಂಗಳು ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿದ್ದಳು, ಆಮೇಲೆ ಮೊಣಕಾಲೊಂದೇ ಅಲ್ಲ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಆದರೂ ಕೊನೆಯ ತನಕ ಅವರನ್ನು ಬಿಟ್ಟುಕೊಡಲಿಲ್ಲ ಪುಣ್ಯಾತ್ಗಿತ್ತಿ. ನಡುವೆ ನಿಂತ ಹಳದಿಯವರು ಎರಡೂ ಕಡೆಯ ಮಳೆಗೆ ಒಂದೇ ಕೊಡೆ ಹಿಡಿಯುವವರು. ಪರಿಸರ ಪರಿಸರ ಅನ್ನುವ ಹಸಿರಿನವರು ಸೊಪ್ಪು ತಿನ್ನುವವರು, ಅವರ ಮಾತು ಬಿಡು.

ಇನ್ನೊಂದು ವಿಷಯ. ಎದುರಿನಿಂದ ಅಳಿಸುವವಳಿಲ್ಲದೆ ಓಟು ಹಾಕುವುದು ನನಗೆ ಯಾಕೋ ಬರುವುದಿಲ್ಲ. ಎತ್ತಿದ ಚೀಲಕ್ಕೆ ಇನ್ನೊಂದು ಹಿಡಿಯೇ ಇಲ್ಲದ ಹಾಗೆ.

ನಾನು ಬೂತು ನಿಲ್ಲಿಸುತ್ತೇನೆ, ಅದು ನನ್ನ ಕೆಲಸ. ಒಳಗೆ ಹೋಗುವುದಿಲ್ಲ.

ನೀನು ಅಷ್ಟು ದೂರದಿಂದ ಅದಕ್ಕಾಗಿ ಬರಬೇಕೇ ಎಂದು ಯೋಚಿಸು. ಮೊದಲ ವರ್ಷ, ರಜೆ ಕೇಳಿದರೆ ಸಿಸ್ಟರ್ ಏನೆಂದುಕೊಂಡಾರು? ಚಳಿ ಇನ್ನೂ ಇದೆ, ಕಾಲುಚೀಲ ಎರಡು ಹಾಕಿಕೋ.

ಅಪ್ಪ


ಲೀಡ್ಸ್
22 ಮಾರ್ಚ್

ಅಪ್ಪಾ,

ಸಿಸ್ಟರ್ ಏನೂ ಅಂದುಕೊಳ್ಳಲಿಲ್ಲ! ಪಕ್ಕದ ಕೋಣೆಯ ಪಿಪ್ಪಾ ಜೊತೆ ಪಾಳಿ ಬದಲಾಯಿಸಿಕೊಂಡೆ. ಅವಳ ಬದಲು ನಾನು ಈಸ್ಟರ್ ಭಾನುವಾರ ಕೆಲಸ ಮಾಡಬೇಕು, ಮಾಡುತ್ತೇನೆ. ಪಿಪ್ಪಾ ಕೇಳಿದಳು, "ಇಷ್ಟೆಲ್ಲಾ ಒಂದು ಕಾಗದದ ಮೇಲೆ ಗೀಟು ಎಳೆಯೋಕಾ? ನಮ್ಮಪ್ಪ ಹೇಳಿದ ಕಡೆ ನಾನು ಎಳೀತೀನಪ್ಪ, ಎರಡು ನಿಮಿಷದ ಕೆಲಸ." ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನಪ್ಪ ಹೇಳುವುದೇ ಇಲ್ಲವಲ್ಲ.

ವಾರ್ಡಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದೇನೆ. ಏಳನೇ ಮಂಚದ ಮಿಸೆಸ್ ಪಿಕರ್ಸ್‌ಗಿಲ್ ಅವರಿಗೆ ಎಂಬತ್ತೆಂಟು. ಅವರ ಕಾಲು ತೊಳೆಯುತ್ತಾ ಕೇಳಿದೆ. "ನಾನು ಬೂಟು ನೋಡ್ತೀನಿ ಮಗಾ," ಅಂದರು. "ಮನೆ ಬಾಗಿಲಿಗೆ ಬಂದಾಗ ಕಾಲೊರೆಸ್ಕೊಂಡು ಒಳಗೆ ಬಂದ್ರೆ ಅವನಿಗೆ ಹಾಕ್ತೀನಿ. ಹಿಟ್ಲರನ ಕಾಲದಿಂದ ಇದೇ ಪದ್ಧತಿ." "ಯಾರೂ ಒರೆಸ್ಕೊಳ್ಳದಿದ್ರೆ?" "ಯಾರಿಗೂ ಹಾಕಲ್ಲ, ಆದ್ರೆ ಹೋಗಿ ಬರ್ತೀನಿ. ಅಲ್ಲಿ ಹೀಟರ್ ಇರತ್ತೆ."

ನಾನು ಒಂದು ಹಾಳೆಯಲ್ಲಿ ನಾಲ್ಕು ಬಣ್ಣ ಬರೆದು, ಕೆಳಗೆ ಒಳ್ಳೆಯದು ಕೆಟ್ಟದ್ದು ಬರೆಯುತ್ತಾ ಬಂದೆ. ಕೆಟ್ಟದ್ದಕ್ಕೆ ಜಾಗ ಸಾಲಲಿಲ್ಲ, ಹಾಳೆ ತಿರುಗಿಸಬೇಕಾಯಿತು. ಕೆಂಪಿಗೆ ಹಾಕಿದರೆ ನೀನು ಬಿಟ್ಟದ್ದನ್ನು ನಾನು ಎತ್ತಿಕೊಂಡ ಹಾಗೆ. ನೀಲಿಗೆ ಹಾಕಿದರೆ ಅಮ್ಮನ ಜಾಗದಲ್ಲಿ ನಿಂತ ಹಾಗೆ. ಆದರೆ ನಮ್ಮ ಕಾರಿಡಾರಿನಲ್ಲಿ ಗಾಲಿಮಂಚದ ಮೇಲೆ ಇಡೀ ದಿನ ಮಲಗಿರುವವರನ್ನು ನೋಡಿದ ಮೇಲೆ ಅದಕ್ಕೆ ಕೈ ಬರುವುದಿಲ್ಲ. ಅಮ್ಮನಿಗೆ ಸಿಟ್ಟು ಬರುತ್ತದೆಯೇ ಎಂದು ಯೋಚಿಸಿ ನಿದ್ದೆ ಬಿಟ್ಟೆ. ಸತ್ತವರಿಗೆ ಓಟಿಲ್ಲ, ಗೊತ್ತು.

ಪಿಪ್ಪಾಳ ಓಟಿನ ಕಾರ್ಡು ಅವಳ ಊರಿಂದ ಬಂತು. ಬಿಳಿ ಕಾರ್ಡು, ಹೆಸರು, ನಂಬರು. ನನ್ನದು ಬಂದಿದೆಯಾ? ಅಂಚೆಗೆ ಹಾಕಬೇಡ, ಕಳೆದುಹೋದೀತು. ಅಡುಗೆಮನೆಯ ಗಡಿಯಾರದ ಹಿಂದೆ ಇಡು.

ಲೊರೇನ್


ಥಾರ್ನ್‌ಲೋ
25 ಮಾರ್ಚ್

ಪುಟ್ಟಾ,

ಈ ವಾರ ನಮ್ಮ ಶಾಲೆಗೆ ಅಭ್ಯರ್ಥಿಗಳ ಜಾತ್ರೆ. ಸೋರುವ ಸೂರು ಪತ್ರಿಕೆಯಲ್ಲಿ ಬಂದಿತ್ತು, ಅದಕ್ಕೆ. ಸೋಮವಾರ ನೀಲಿಯವನು ಫೋಟೋದವನ ಜೊತೆ ಬಂದ. ಮಕ್ಕಳ ನಡುವೆ ನಿಂತು, "ಕೇರ್‌ಟೇಕರ್ ಅವರೇ, ಆ ಬಕೆಟ್‌ಗಳನ್ನ ಸ್ವಲ್ಪ ಆ ಕಡೆಗೆ ಇಡ್ತೀರಾ?" ಅಂದ. ಇಟ್ಟೆ. ಮಂಗಳವಾರ ನಮ್ಮ ಕೆಂಪಿನವನು ಬಂದ. "ಬಕೆಟ್‌ಗಳು ಎಲ್ಲಿ ಹೋದ್ವು? ಇನ್ನೂ ನಾಲ್ಕು ಇದ್ರೆ ತನ್ನಿ, ಫೋಟೋ ತುಂಬಿ ಕಾಣಬೇಕು" ಅಂದ. ತಂದುಕೊಟ್ಟೆ. ಎರಡು ದಿನ ಇಬ್ಬರಿಗೂ ಬಕೆಟ್ ಹೊತ್ತಿದ್ದೇನೆ, ಇಬ್ಬರೂ ತಲೆಯೆತ್ತಿ ಸೂರು ನೋಡಲಿಲ್ಲ. ಹಳದಿಯವನು ಬಾಗಿಲಲ್ಲೇ ಕರಪತ್ರ ಕೊಟ್ಟು ಹೋದ.

ಇವತ್ತು ಹಸಿರಿನವಳು ಬಂದಳು, ಸೈಕಲ್ ಮೇಲೆ, ನೆಂದು ತೊಪ್ಪೆಯಾಗಿ. ಫೋಟೋದವನಿಲ್ಲ, ಯಾರೂ ಇಲ್ಲ. ಯಾವುದೋ ದೊಡ್ಡ ಊರಿನ ಮೇಷ್ಟರ ಥರ ಕನ್ನಡಕ. ನಾನು ಒಳಗೆ ಫ್ಯೂಸ್ ಹಾಕುತ್ತಿದ್ದೆ. ಬಂದು ನೋಡಿದರೆ ಮೂರನೇ ಬಕೆಟ್ ತುಂಬಿತ್ತೆಂದು ಅವಳೇ ಎತ್ತಿಕೊಂಡು ಹೋಗಿ ಮೋರಿಗೆ ಸುರಿದು ಬರುತ್ತಿದ್ದಾಳೆ! ವಾಪಸು ಇಡುವಾಗ ಒಂದಂಗುಲ ಸರಿಸಿ ಇಟ್ಟಳು. ಹನಿ ಅಂಚಿಗೆ ಬೀಳುತ್ತಿತ್ತಂತೆ. ಹೆರಾಲ್ಡ್‌ಗೆ ಹೇಳಿ ಇಬ್ಬರೂ ನಕ್ಕೆವು. ಬಕೆಟ್ ಸುರಿಯುವವರು ಪಾರ್ಲಿಮೆಂಟಿಗೆ ಹೋಗಿ ಏನು ಮಾಡುತ್ತಾರೆ?

ಕಾರ್ಡಿನ ವಿಷಯ, ಅಂಚೆ ಇಲ್ಲಿ ಸ್ವಲ್ಪ ತಡ. ನೀನು ಬರುವುದು ಬೇಡ ಪುಟ್ಟಾ. ಟಿಕೆಟ್ಟಿಗೆ ಸುಮ್ಮನೆ ಖರ್ಚು, ಈಸ್ಟರ್ ಬೇರೆ ಕಳೆದುಕೊಳ್ಳುತ್ತೀಯ. ಆ ದಿನ ನಾನು ಬೆಳಗ್ಗೆ ಆರರಿಂದ ಶಾಲೆಯಲ್ಲೇ, ನಿನಗೆ ಟೀ ಮಾಡಿಕೊಡಲೂ ಆಗುವುದಿಲ್ಲ.

ಅಪ್ಪ


ಲೀಡ್ಸ್
28 ಮಾರ್ಚ್

ಅಪ್ಪಾ,

ನಾನು ಬರುವುದು ನಿನಗೆ ಇಷ್ಟವಿಲ್ಲವೇ? ನೇರವಾಗಿ ಹೇಳು. ಎರಡು ಪತ್ರದಲ್ಲಿ ಮೂರು ಸಲ ಬೇಡ ಅಂದಿದ್ದೀಯ, ಎಣಿಸಿದೆ.

ನಿನ್ನೆ ಹಾಸ್ಟೆಲಿನ ಫೋನಿನಿಂದ ಮಾಡಿದಾಗ ಕಾರ್ಡು ಬಂತಾ ಎಂದು ಕೇಳಿದೆ. ನೀನು ಬಾಯ್ಲರ್ ವಿಷಯ ಹೇಳಿದೆ. ಮತ್ತೆ ಕೇಳಿದೆ. ಬಾಗಿಲು ಬಡಿಯುತ್ತಿದ್ದಾರೆ ಅಂತ ನೀನು ಫೋನಿಟ್ಟೆ. ಅಮ್ಮನ ಆಸ್ಪತ್ರೆಯ ವರದಿ ಬಂದ ವಾರ ನಾನು ಕೇಳಿದಾಗಲೆಲ್ಲ ಹೀಗೇ ಬಾಗಿಲು ಬಡಿಯುತ್ತಿತ್ತು. ನೀನು ಹುಷಾರಾಗಿದ್ದೀಯ ತಾನೇ?

ಏನಿದ್ದರೂ ಹೇಳು. ದಯವಿಟ್ಟು.

ಲೊರೇನ್


ಥಾರ್ನ್‌ಲೋ
30 ಮಾರ್ಚ್

ಲೊರೇನ್,

ನಾನು ಹುಷಾರಾಗಿದ್ದೇನೆ. ಮೊದಲು ಅದನ್ನು ಓದಿಕೋ. ಎದೆ, ಹೊಟ್ಟೆ, ಎಲ್ಲ ಸರಿಯಿದೆ.

ಇದನ್ನು ಬಾಯ್ಲರ್ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಮೂರು ಸಲ ಶುರುಮಾಡಿ ಹರಿದೆ. ನಿನ್ನ ಕಾರ್ಡು ಬರುವುದಿಲ್ಲ. ಅಂಚೆಯವನ ತಪ್ಪಿಲ್ಲ. ನಿನ್ನ ಹೆಸರು ಪಟ್ಟಿಯಲ್ಲಿ ಇಲ್ಲ. ನಾನು ಬರೆಯಲಿಲ್ಲ.

ತಲೆಗಂದಾಯ ಶುರುವಾದ ವರ್ಷ ನಿನಗೆ ನೆನಪಿರಬೇಕು. ಮನೆಗೆ ಇಷ್ಟು ಅಂತ ಇದ್ದದ್ದು ಹೋಗಿ ಹದಿನೆಂಟು ದಾಟಿದ ತಲೆಗೆ ಇಷ್ಟು ಅಂತ ಬಂತಲ್ಲ. ನಿನ್ನಮ್ಮ ಹೋದದ್ದು ಆ ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ ಎರಡು ಬಿಲ್ಲು ಬಂದವು. ಒಂದು ನನ್ನ ಹೆಸರಿಗೆ, ಒಂದು ಅವಳ ಹೆಸರಿಗೆ. ನಿನಗೆ ಪರೀಕ್ಷೆ ಇತ್ತು, ತೋರಿಸಲಿಲ್ಲ.

ಕೌನ್ಸಿಲ್ ಕಚೇರಿಗೆ ಹೋದೆ. ಕಿಟಕಿಯ ಹಿಂದಿನ ಹುಡುಗಿ ಕೇಳಿದಳು, "ಮಿಸೆಸ್ ಹೆಸ್ಕೆತ್ ಊರು ಬಿಟ್ಟಿದ್ರೆ ಹೊಸ ವಿಳಾಸ ಕೊಡಿ." "ತೀರಿಕೊಂಡಿದಾಳಮ್ಮಾ" ಅಂದೆ. "ಓ. ಸರ್ಟಿಫಿಕೇಟ್ ತಂದಿದೀರಾ?" ಮಾರನೇ ದಿನ ಕೊಟ್ಟೆ. ಮುಂದಿನ ತಿಂಗಳು ಅವಳ ಹೆಸರಿಗೆ ಕೆಂಪಕ್ಷರದ ನೋಟೀಸು ಬಂತು, ಕಟ್ಟದಿದ್ದರೆ ಕೋರ್ಟು ಅಂತ. ಮತ್ತೆ ಹೋದೆ. ಸಾಲಿನಲ್ಲಿ ಹಿಂದೆ ನಿಂತವರೆಲ್ಲ ಕೇಳುವ ಹಾಗೆ ಮತ್ತೆ ಹೇಳಬೇಕಾಯಿತು. ಆ ಹುಡುಗಿಗೂ ಮುಖ ಸಣ್ಣದಾಯಿತು ಪಾಪ. "ಸಾರಿ ಸಾರ್, ಕಂಪ್ಯೂಟರಲ್ಲಿ ಅವರು ಇನ್ನೂ ಇದಾರೆ" ಅಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಹುಚ್ಚು ಯೋಚನೆ ಬಂತು: ಅಲ್ಲಾದರೂ ಇದ್ದಾಳಲ್ಲ.

ಕಳೆದ ಅಕ್ಟೋಬರಿನಲ್ಲಿ ಓಟಿನ ಪಟ್ಟಿಯ ಫಾರಂ ಬಂತು. ಮನೆಯಲ್ಲಿರುವವರ ಹೆಸರು ಬರೆಯಿರಿ. ಮೊದಲ ಸಾಲಿನಲ್ಲಿ ನಾನು. ಎರಡನೇ ಸಾಲು ಖಾಲಿ. ಅದರಲ್ಲಿ ಮೊದಲೆಲ್ಲ ಅವಳ ಹೆಸರಿರುತ್ತಿತ್ತು. ಊರೆಲ್ಲ ಒಂದೇ ಮಾತು, ಈ ಪಟ್ಟಿಯಿಂದಲೇ ತಲೆ ಎಣಿಸಿ ಬಿಲ್ಲು ಕಳಿಸುತ್ತಾರೆ ಅಂತ. ಹೆರಾಲ್ಡ್ ತನ್ನ ಇಬ್ಬರು ಹುಡುಗರ ಹೆಸರನ್ನೂ ಬಿಟ್ಟಿದ್ದ. ನಾನು ಪೆನ್ನು ಹಿಡಿದು ಕೂತೆ. ಇನ್ನೊಂದು ಕೆಂಪಕ್ಷರದ ಕಾಗದ, ಅದರ ಮೇಲೆ ನಿನ್ನ ಹೆಸರು. ಕೈ ಬರಲಿಲ್ಲ. ಸಹಿ ಹಾಕಿ ಕಳಿಸಿಬಿಟ್ಟೆ. ನಿನಗೆ ಮಾತ್ರ ಹೆಸರು ಬರೆದಿದ್ದೇನೆ ಅಂತ ಹೇಳಿದೆ.

ಅದು ಓಟಿನ ಪಟ್ಟಿ ಎಂಬುದೇ ಮರೆತುಹೋಗಿತ್ತು ಪುಟ್ಟಾ. ಚುನಾವಣೆಗೆ ಬೂತು ನಿಲ್ಲಿಸುವ ಮನುಷ್ಯನಿಗೆ ಮರೆತುಹೋಗಿತ್ತು. ನಿನ್ನ ಪತ್ರದಲ್ಲಿ "ನನ್ನ ಮೊದಲ ಓಟು" ಎಂದು ಓದಿದಾಗ ನೆನಪಾಯಿತು. ಸೋಮವಾರ ಬೆಳಗ್ಗೆ ಕಚೇರಿಗೆ ಓಡಿದೆ. ಈ ಚುನಾವಣೆಗೆ ಇನ್ನು ಸೇರಿಸಲಾಗುವುದಿಲ್ಲವಂತೆ. ತಪ್ಪು ಅವರದ್ದಲ್ಲ.

ಹದಿನೈದು ದಿನದಿಂದ ನಿನಗೆ ಅಂಚೆ, ಟಿಕೆಟ್ಟು, ಬಾಯ್ಲರ್ ಅಂತ ಬರೆದೆ. ನಿನಗೆ ನಾನು ಹೇಳಿದ ಸುಳ್ಳುಗಳಲ್ಲಿ ಇದೇ ದೊಡ್ಡದು.

ಅಪ್ಪ


ಲೀಡ್ಸ್
2 ಏಪ್ರಿಲ್

ಅಪ್ಪಾ,

ಪತ್ರ ಬಂತು. ಒಂಬತ್ತಕ್ಕೆ ಬರುವುದಿಲ್ಲ. ಪಾಳಿಯನ್ನು ಪಿಪ್ಪಾಗೆ ವಾಪಸು ಕೊಟ್ಟೆ.

ಈಗ ಇಷ್ಟೇ ಬರೆಯಬಲ್ಲೆ.

ಲೊ.


ಥಾರ್ನ್‌ಲೋ
4 ಏಪ್ರಿಲ್, ಶನಿವಾರ

ಪುಟ್ಟಾ,

ನಿನ್ನ ಚಿಕ್ಕ ಪತ್ರವನ್ನು ಎಷ್ಟು ಸಲ ಓದಿದರೂ ಅದರಲ್ಲಿ ಇನ್ನೊಂದು ಪದ ಸಿಗಲಿಲ್ಲ. ಸಿಟ್ಟು ಮಾಡಿಕೋ. ಅದು ನಿನ್ನ ಹಕ್ಕು, ಅದನ್ನು ನಾನು ಕಳೆದಿಲ್ಲ.

ಕ್ಷಮಿಸು ಎಂದು ಬರೆಯುವುದು ಸುಲಭ, ಒಂದು ಸ್ಟ್ಯಾಂಪಿನ ಖರ್ಚು. ಅದಕ್ಕೇ ಬೇರೆ ಒಂದು ಹೇಳುತ್ತೇನೆ. ಪಟ್ಟಿಯಲ್ಲಿ ನನ್ನ ಹೆಸರಿದೆ. ನನ್ನ ಕಾರ್ಡು ಬಂದಿದೆ. ಹಾಕುವುದಿಲ್ಲ ಅಂದಿದ್ದೆ. ಈಗ ಹಾಕುತ್ತೇನೆ, ಆದರೆ ಆ ಓಟು ನಿನ್ನದು. ಯಾರಿಗೆ ಎಂದು ನೀನು ಬರೆ, ಅವರ ಮುಂದೆ ನಾನು ಗುರುತು ಹಾಕುತ್ತೇನೆ. ಕೆಂಪು ಅಂದರೂ ಸರಿ. ನಿನ್ನಮ್ಮನ ನೀಲಿ ಅಂದರೆ, ಇಪ್ಪತ್ತೆಂಟು ವರ್ಷ ಕೆಂಪಿಗೆ ಹಾಕಿದ ಕೈ, ಸ್ವಲ್ಪ ಹಿಂಜರಿದೀತು, ಆದರೂ ಹಾಕುತ್ತೇನೆ. ಕಾರಣ ಕೇಳುವುದಿಲ್ಲ. ಖಾಲಿ ಬಿಟ್ಟು ಬಾ ಅಂದರೆ ಖಾಲಿ ಬಿಟ್ಟು ಬರುತ್ತೇನೆ.

ಒಂದೇ ತೊಡಕು. ಬೂತಿನೊಳಗೆ ಬಂದು ನೋಡುವವರು ಯಾರೂ ಇಲ್ಲ. ಹೇಳಿದ ಹಾಗೆ ಹಾಕಿದೆನೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ನಾನೊಬ್ಬನೇ, ನಾನೋ ಅಕ್ಟೋಬರಿನಿಂದ ಸುಳ್ಳು ಹೇಳಿದವನು. ಅಷ್ಟು ನಂಬುವುದಕ್ಕೆ ಮನಸ್ಸಿದ್ದರೆ ಬರೆ. ಬುಧವಾರದ ಒಳಗೆ ಬರಬೇಕು. ಮನಸ್ಸಿಲ್ಲದಿದ್ದರೆ ನಾನು ಬೂತು ನಿಲ್ಲಿಸಿ, ಸಂಜೆ ಮಡಚಿ, ಮನೆಗೆ ಬರುತ್ತೇನೆ. ತಪ್ಪು ತಿಳಿಯುವುದಿಲ್ಲ.

ಅಪ್ಪ


ಲೀಡ್ಸ್
6 ಏಪ್ರಿಲ್

ಅಪ್ಪಾ,

ಮೊದಲು ನಾನೊಂದು ಹೇಳಬೇಕು. ನೀನು ಕೂತಿರುವಾಗ ಓದು.

ತಲೆಗಂದಾಯದ ಬಿಲ್ಲು ನನಗೆ ಬಂತು. ನವೆಂಬರಿನಲ್ಲೇ, ಇಲ್ಲಿಗೇ, ಹಾಸ್ಟೆಲಿನ ವಿಳಾಸಕ್ಕೆ. ವಿದ್ಯಾರ್ಥಿಗಳನ್ನು ಇರುವ ಊರಿನಲ್ಲೇ ಎಣಿಸುತ್ತಾರೆ ಅಪ್ಪಾ, ಓಟಿನ ಪಟ್ಟಿಯನ್ನು ಕಾಯುತ್ತಾ ಕೂರುವುದಿಲ್ಲ. ಚಳಿಗಾಲದ ಕೋಟಿಗೆ ಎತ್ತಿಟ್ಟಿದ್ದರಲ್ಲಿ ಕಟ್ಟಿದೆ. ನಿನಗೆ ಹೇಳಲಿಲ್ಲ. ಅಮ್ಮನ ಬಿಲ್ಲು ನಾನು ನೋಡಿದ್ದೆ. ಬ್ರೆಡ್ಡಿನ ಡಬ್ಬಿಯ ಕೆಳಗೆ ಮಡಚಿ ಇಟ್ಟಿದ್ದೆಯಲ್ಲ, ಆ ಕೆಂಪಕ್ಷರ. ಇನ್ನೊಂದು ಬಿಲ್ಲಿನ ಹೆಸರೆತ್ತಿದರೆ ನಿನಗೆ ಹೇಗಾಗುತ್ತದೋ ಎಂದು ಸುಮ್ಮನಾದೆ. ಡಿಸೆಂಬರಿನಲ್ಲಿ ಹೊಸ ಕೋಟು ಎಲ್ಲಿ ಎಂದು ನೀನು ಕೇಳಿದಾಗ ತೊಳೆಯಲು ಹಾಕಿದ್ದೇನೆ ಅಂದೆ. ಇಡೀ ರಜೆ ತೊಳೆಯುತ್ತಲೇ ಇತ್ತು ಆ ಕೋಟು!

ಹೀಗಾಗಿ ನೀನು ಉಳಿಸಿದ್ದು ಏನೂ ಇಲ್ಲ. ನಾನು ಮುಚ್ಚಿಟ್ಟದ್ದರಿಂದಲೂ ಏನೂ ಉಳಿಯಲಿಲ್ಲ. ಪತ್ರ ಓದಿ ಎರಡು ದಿನ ಅತ್ತೆ, ಮೂರನೇ ದಿನ ಬಟ್ಟೆ ಮಡಚುವ ಕೋಣೆಯಲ್ಲಿ ಇದೆಲ್ಲ ಹೊಳೆದು ನಗು ಬಂದುಬಿಟ್ಟಿತು. ಮಿಸೆಸ್ ಪಿಕರ್ಸ್‌ಗಿಲ್‌ಗೆ ಹೇಳಿದೆ. "ನಿಮ್ಮಪ್ಪ ಕಾಲೊರೆಸ್ಕೊಂಡೇ ಒಳಗೆ ಬರೋನು ಕಣೇ," ಅಂದರು. "ಬರೋ ಮನೆ ತಪ್ಪಿತು ಅಷ್ಟೇ."

ಆದರೂ ನನಗೆ ಓಟು ಬೇಕಿತ್ತು. ಅದನ್ನು ಪರವಾಗಿಲ್ಲ ಅಂತ ಹೇಳಲಾರೆ. ನೋವಾಗಿದೆ. ನೀನು ಕೊಡುತ್ತೇನೆ ಅಂದೆಯಲ್ಲ, ದೊಡ್ಡ ಮನಸ್ಸು ಮಾಡಿ ಬೇಡ ನಿನ್ನದು ನೀನೇ ಹಾಕಿಕೋ ಎಂದು ಬರೆಯಲು ಹೊರಟೆ. ಹರಿದೆ. ನನಗೆ ಬೇಕು. ತೆಗೆದುಕೊಂಡೆ.

ಹಸಿರು.

ನಿನ್ನ ಮುಖ ಕಾಣುತ್ತಿದೆ. ಹಾಳೆಯ ಎರಡೂ ಬದಿ ಬರೆದು ಮುಗಿಸಿದರೂ ನನಗೆ ತಿಳಿದದ್ದು ಸ್ವಲ್ಪ. ಅವರು ಗೆಲ್ಲುವುದಿಲ್ಲ, ಗೊತ್ತು. ನಿನ್ನ ಕೆಂಪಿನವರಿಗೆ ಅಲ್ಲಿ ಒಂದೊಂದು ಓಟೂ ಬೇಕು, ಅದೂ ಗೊತ್ತು. ಅದನ್ನು ಯೋಚಿಸಿ ನಿನ್ನೆ ಊಟ ಸೇರಲಿಲ್ಲ. ಆದರೆ ನಾನು ದಿನಕ್ಕೆ ಎಂಟು ಗಂಟೆ ಬೇರೆಯವರ ಬೇಸಿನ್ನು ಸುರಿಯುವವಳು. ಸುರಿದು, ವಾಪಸು ತಂದು, ಸರಿಯಾದ ಜಾಗದಲ್ಲಿ ಇಡುವುದಕ್ಕೆ ಎಷ್ಟು ಗಮನ ಬೇಕು ಅಂತ ನನಗೆ ಗೊತ್ತು. ನೀನೂ ಹೆರಾಲ್ಡ್ ಮಾವನೂ ನಕ್ಕಿರಿ, ನನಗೆ ನಗು ಬರಲಿಲ್ಲ.

ಹಾಕಿದೆಯಾ ಎಂದು ಕೇಳುವುದಿಲ್ಲ. ನಿನ್ನ ಕೈ ಎಂದರೆ ನನಗೆ ಸಾಕು.

ಲೊರೇನ್


ಥಾರ್ನ್‌ಲೋ
12 ಏಪ್ರಿಲ್, ಭಾನುವಾರ

ಪುಟ್ಟಾ,

ನಿನ್ನ ಪತ್ರ ಮಂಗಳವಾರ ಬಂತು. ಕೋಟಿನ ವಿಷಯ ಓದಿ ಹೊರಗೆ ಹೋಗಿ ಸ್ವಲ್ಪ ಹೊತ್ತು ಕಸದ ಡಬ್ಬಿ ತೊಳೆದೆ. ತೊಳೆದದ್ದೇ ಆಗಿತ್ತು ಅದು.

ಗುರುವಾರ ಆರಕ್ಕೆ ಬಾಗಿಲು ತೆಗೆದೆ. ಏಳರಿಂದಲೇ ಜನ. ಹೆರಾಲ್ಡ್ ಕೋಟಿಗೆ ಕೆಂಪು ರಿಬ್ಬನ್ನಿನ ಹೂ ಚುಚ್ಚಿಕೊಂಡು ಗೇಟಿನಲ್ಲೇ ನಿಂತಿದ್ದ. ಹತ್ತು ನಿಮಿಷಕ್ಕೊಮ್ಮೆ ಒಳಗೆ ಇಣುಕುವುದು: "ಕ್ಲಿಫ್, ಹಾಕಿದ್ಯೇನೋ?" "ಇನ್ನೂ ಇಲ್ಲ." "ಹಾಕೋ ಮಹರಾಯ. ಈ ಸಲ ಕೂದಲೆಳೆಯಲ್ಲಿದೆ. ಕೋಪ ಗೀಪ ಆಮೇಲೆ ಮಾಡ್ಕೊ." ಮಧ್ಯಾಹ್ನ ಮಳೆ ಜೋರಾಗಿ ಜನ ತೆಳುವಾದಾಗ ಕೈ ತೊಳೆದುಕೊಂಡು ಹೋದೆ. ನಾನೇ ನಿಲ್ಲಿಸಿದ ಬೂತು, ಆದರೂ ಒಳಗೆ ನಿಂತಾಗ ಯಾರದೋ ಮನೆಗೆ ಬಂದ ಹಾಗೆ. ಕಾಗದದಲ್ಲಿ ನಾಲ್ಕು ಹೆಸರು. ಕೈ ತಾನಾಗಿಯೇ ಕೆಂಪಿನವನ ಕಡೆಗೆ ಹೋಯಿತು. ನಿಲ್ಲಿಸಿದೆ. ಅವಳ ಹೆಸರು ಹುಡುಕಿ, ಚೌಕದಾಚೆ ಹೋಗದ ಹಾಗೆ, ನಿಧಾನವಾಗಿ ಹಾಕಿದೆ. ನೀನು ಮಾತ್ರೆ ಎಣಿಸುವ ಹಾಗೆ ಎರಡು ಸಲ ನೋಡಿದೆ. ಪೆಟ್ಟಿಗೆಗೆ ಬಿಟ್ಟೆ. ನೀನು ಕೇಳುವುದಿಲ್ಲ ಅಂದೆ, ಅದಕ್ಕೇ ಹೇಳುತ್ತಿದ್ದೇನೆ.

ಫಲಿತಾಂಶ ನಿನಗೆ ಗೊತ್ತಿದೆ. ದೇಶದಲ್ಲೂ ನೀಲಿ, ಥಾರ್ನ್‌ಲೋದಲ್ಲೂ ನೀಲಿ. ಇಲ್ಲಿ ಇನ್ನೂರ ಹದಿನಾಲ್ಕು ಓಟಿನಿಂದ.

ನಿನ್ನೆ ಕ್ಲಬ್ಬು ಸಾವಿನ ಮನೆಯಂತಿತ್ತು. ಹೆರಾಲ್ಡ್ ಪತ್ರಿಕೆ ಬಡಿದು ಹೇಳಿದ, "ನೋಡು ಇಲ್ಲಿ. ಹಸಿರಿಗೆ ಆರುನೂರ ಹನ್ನೊಂದು! ಇದರಲ್ಲಿ ಅರ್ಧ ಜನಕ್ಕೆ ಬುದ್ಧಿ ಇದ್ದಿದ್ರೆ ಸೀಟು ನಮ್ದು. ಯಾರೋ ಇವರು? ಈ ಊರಲ್ಲಿ ಒಬ್ಬನನ್ನಾದ್ರೂ ಕಂಡಿದೀಯಾ?"

"ಇಲ್ಲ" ಅಂದೆ. ಗ್ಲಾಸು ಅರ್ಧ ಮುಗಿಸಿದೆ. ಕೆಳಗಿಟ್ಟೆ.

"ಕಂಡಿದೀನಿ," ಅಂದೆ. "ನಾನೇ."

"ತಮಾಷೆ ಮಾಡ್ಬೇಡ ಕಣೋ, ಇವತ್ತು ಬೇಡ."

"ತಮಾಷೆ ಅಲ್ಲ. ಅದು ಲೊರೇನ್ ಓಟು. ಅವಳ ಹೆಸರನ್ನ ನಾನು ಫಾರಂನಲ್ಲಿ ಬರೀಲಿಲ್ಲ. ನೀನು ನಿನ್ನ ಹುಡುಗರದ್ದು ಬರೀಲಿಲ್ವಲ್ಲ, ಹಾಗೇ."

ಬಯ್ಯುತ್ತಾನೆ ಎಂದುಕೊಂಡೆ. ಆ ಹೂವನ್ನು ಇನ್ನೂ ಚುಚ್ಚಿಕೊಂಡೇ ಇದ್ದ, ಬಿಚ್ಚಿ ಮೇಜಿನ ಮೇಲೆ ಇಟ್ಟ. ಆಮೇಲೆ ಕೇಳಿದ, "ಅವಳು ಓಟು ಬೇಕು ಅಂತ ಕೇಳಿದ್ಲಾ? ಅವಳಾಗೇ?"

"ಕೇಳಿದ್ಲು."

"ನನ್ನ ಹುಡುಗರು ಕೇಳ್ಲೇ ಇಲ್ಲ ಕ್ಲಿಫ್," ಅಂದ. "ಗುರುವಾರ ಇಬ್ರೂ ಮನೇಲೇ ಇದ್ರು. ಟೀವಿ ನೋಡ್ತಿದ್ರು."

ಅವನಿಗೊಂದು ಬಿಯರ್ ತಂದುಕೊಟ್ಟು ಮನೆಗೆ ಬಂದೆ.

ಪತ್ರಿಕೆಯ ತುಣುಕು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಎಲ್ಲರಿಗಿಂತ ಕೆಳಗಿನ ಸಾಲು ನೋಡು. ಆರುನೂರ ಹನ್ನೊಂದು. ನಿನ್ನ ಹೆಸರು ಅಲ್ಲಿ ಇರುವುದಿಲ್ಲ, ಯಾರದೂ ಇರುವುದಿಲ್ಲ. ಆದರೆ ನೀನು ಆ ಪತ್ರ ಬರೆಯದೆ ಇದ್ದಿದ್ದರೆ, ಅವರು ಆರುನೂರ ಹತ್ತು ಎಂದು ಅಚ್ಚು ಹಾಕಬೇಕಾಗುತ್ತಿತ್ತು.

ನಿನ್ನ
ಅಪ್ಪ